ಮೆಂತ್ಯದ ಕಾಳು, ಋತುಬಂಧದ ಕಾಲ



ವಾಡಿ ಜಂಕ್ಷನ್ನಿನಲ್ಲಿ ಹೈದರಾಬಾದಿನ ಕಡೆಗೆ ಹೋಗುವ ರೈಲನ್ನು ಹತ್ತಿ ಕುಳಿತರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಒಂದರ ಹಿಂದೆ ಒಂದು ಬರುತ್ತವೆ. ಶಹಾಬಾದ್ ವಾಡಿಯಿಂದ ಮುಂಬೈ ಕಡೆಯ ದಾರಿಯಲ್ಲಿದೆ. ಚಿಂಚೋಳಿಗೆ ಹೋಗಬೇಕಾದರೆ ರೈಲು ಬಿಟ್ಟು ಬಸ್ಸು ಹಿಡಿಯಬೇಕು. ಕಲ್ಲು, ಸಿಮೆಂಟು, ತೊಗರಿ ಎಂದು ಈ ಐದು ಊರುಗಳ ಪರಿಚಯ ನಿಮ್ಮ ಪಠ್ಯಪುಸ್ತಕದಲ್ಲಿ ಬಂದಿರಬಹುದು. ಆದರೆ ಇವೆಲ್ಲಕ್ಕೂ ಸಮಾನವಾದ ಇನ್ನೊಂದು ವಸ್ತು ನಿಮ್ಮ ಮನೆಯ ಅಡುಗೆಮನೆಯಲ್ಲೇ ಇದೆ. ಅದು ಮೆಂತ್ಯ. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ; ಉಪ್ಪಿನಕಾಯಿಗೆ ಹುರಿದ ಮೆಂತ್ಯದ ಪುಡಿ; ಬಾಣಂತಿಗೆ ಮೆಂತ್ಯದ ಉಂಡೆ.

ಇದೇ ಕಾಳನ್ನು ರಾತ್ರಿ ನೆನೆಸಿ ಬೆಳಿಗ್ಗೆ ತಿಂದರೆ, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಮೈ ಬಿಸಿ ಇಳಿಯುತ್ತದೆ ಎಂಬ ನಂಬಿಕೆಯೂ ಉಂಟು. ಈ ನಂಬಿಕೆಯ ಹಿಂದಿನ ಚರಿತ್ರೆ ಏನು, ಅದರಲ್ಲಿ ಎಷ್ಟು ನಿಜ ಎಂಬುದನ್ನು ಈಗ ನೋಡೋಣ. ಇದು ಹೆಂಗಸರ ವಿಷಯವೆಂದು ಹುಡುಗರು ಪುಟ ತಿರುಗಿಸಬೇಕಾಗಿಲ್ಲ. ನಿಮ್ಮ ಅವ್ವನಿಗೂ ಈ ಕಾಲ ಬರುತ್ತದೆ, ಅಥವಾ ಈಗಾಗಲೇ ಬಂದಿದೆ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಭಾರತದ ಮಹಿಳೆಯರಲ್ಲಿ ಇದು ಸರಾಸರಿ 46-47ನೆಯ ವಯಸ್ಸಿಗೆ ಬರುತ್ತದೆ. ಸುಶ್ರುತ ಸಂಹಿತೆಯು ಮುಟ್ಟು ಹನ್ನೆರಡಕ್ಕೆ ಆರಂಭವಾಗಿ ಐವತ್ತಕ್ಕೆ ಕ್ಷಯಿಸುತ್ತದೆಂದು ಹೇಳಿ, ಅದನ್ನು ದೇಹದ ಸಹಜ ಧರ್ಮವೆಂದೇ ಎಣಿಸಿತು. ಐರೋಪ್ಯ ವೈದ್ಯಶಾಸ್ತ್ರದಲ್ಲಿ 'ಮೆನೋಪಾಸ್' ಎಂಬ ಹೆಸರನ್ನು ಬಳಕೆಗೆ ತಂದವನು ಫ್ರಾನ್ಸಿನ ವೈದ್ಯ ಗಾರ್ದಾನ್, 1821ರಲ್ಲಿ.

ಮೈ ಏಕೆ ಒಮ್ಮೆಲೇ ಕಾಯುತ್ತದೆ? ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ದೇಹದ ಉಷ್ಣತೆಯನ್ನು ಹತೋಟಿಯಲ್ಲಿಡುವ ಕೇಂದ್ರವಿದೆ. ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಹಾರ್ಮೋನು ಕಡಿಮೆಯಾದಾಗ ಈ ಕೇಂದ್ರ ಅತಿ ಸೂಕ್ಷ್ಮವಾಗುತ್ತದೆ. ಉಷ್ಣತೆ ಸ್ವಲ್ಪವೇ ಏರಿದರೂ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ಮುಖ, ಎದೆ ಧಗಧಗಿಸುತ್ತವೆ. ರಾತ್ರಿ ನಿದ್ರೆ ಕೆಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ, ತೊಗರಿ ಹೊಲದಲ್ಲೋ ಕಲ್ಲಿನ ಪಾಲಿಶ್ ಘಟಕದಲ್ಲೋ ದುಡಿಯುವ ಹೆಂಗಸಿಗೆ ಇದು ಎಂಥ ಕಷ್ಟವೆಂದು ಊಹಿಸಿ. ಆಕೆ ಮಾತ್ರ "ವಯಸ್ಸಾತು, ಮೈ ಬಿಸಿ ಆಗ್ತದ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ.

ಈಗ ಮಳಖೇಡಕ್ಕೆ ಬನ್ನಿ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕ್ರಿ.ಶ. 9ನೆಯ ಶತಮಾನದಲ್ಲಿ ಇಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಹೆಸರನ್ನು 'ಕವಿರಾಜಮಾರ್ಗ'ದ ಜೊತೆಗೆ ನೀವು ಓದಿದ್ದೀರಿ. ಅದೇ ಕಾಲದ ಉಗ್ರಾದಿತ್ಯನೆಂಬ ಜೈನಮುನಿ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥವನ್ನು ರಚಿಸಿದನು. ಮಾಂಸವಿಲ್ಲದೆ ಔಷಧವಿಲ್ಲ ಎನ್ನುವವರಿಗೆ ಉತ್ತರವಾಗಿ, ಮಾಂಸವಿಲ್ಲದೆಯೂ ಚಿಕಿತ್ಸೆ ಸಾಧ್ಯವೆಂಬುದನ್ನು ನೃಪತುಂಗನ ಆಸ್ಥಾನದಲ್ಲಿ ವಿದ್ವಾಂಸರು ಮತ್ತು ವೈದ್ಯರ ಮುಂದೆ ಪ್ರತಿಪಾದಿಸಿದುದಾಗಿ ಅದರ ಕೊನೆಯ ಭಾಗ ಹೇಳುತ್ತದೆ. ಈ ಗ್ರಂಥ 1940ರಲ್ಲಿ ನೆರೆಯ ಸೊಲ್ಲಾಪುರದಲ್ಲಿ ಅಚ್ಚಾಯಿತು. ಗಿಡಮೂಲಿಕೆಯ ಪರವಾಗಿ ವಾದಿಸುವವನೂ ಸಭೆಯ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಎಂಬ ಈ ಕ್ರಮವನ್ನು ನೆನಪಿಡಿ. ಮೆಂತ್ಯವನ್ನೂ ಅದೇ ರೀತಿ ಪ್ರಶ್ನಿಸೋಣ.

ಮೆಂತ್ಯ ಬಹಳ ಹಳೆಯ ಬೆಳೆ. ಕ್ರಿ.ಪೂ. 14ನೆಯ ಶತಮಾನದ ಈಜಿಪ್ಟಿನ ದೊರೆ ಟುಟಂಖಾಮನ್‌ನ ಸಮಾಧಿಯಲ್ಲಿ ಇದರ ಕಾಳುಗಳು ಸಿಕ್ಕಿವೆ. ರೋಮನ್ನರು ಇದನ್ನು ದನಗಳ ಮೇವಾಗಿ ಬೆಳೆಯುತ್ತಿದ್ದರು. ಇದರ ಸಸ್ಯಶಾಸ್ತ್ರೀಯ ಹೆಸರಿನಲ್ಲಿರುವ 'ಫೀನಮ್ ಗ್ರೀಕಮ್' ಎಂಬ ಪದಗಳಿಗೆ 'ಗ್ರೀಕ್ ಹುಲ್ಲು' ಎಂದು ಅರ್ಥ. ನಮ್ಮಲ್ಲಿ 16ನೆಯ ಶತಮಾನದ 'ಭಾವಪ್ರಕಾಶ'ವು ಮೆಂತ್ಯ, ಅಳ್ವಿ, ಕರಿಜೀರಿಗೆ, ಅಜವಾನ ಈ ನಾಲ್ಕನ್ನೂ ಸೇರಿಸಿ 'ಚತುರ್ಬೀಜ' ಎಂದು ಕರೆದು ವಾತದ ತೊಂದರೆಗಳಿಗೆ ಹೇಳಿತು.

ಋತುಬಂಧದ ತೊಂದರೆಗೆ ಮೆಂತ್ಯವಿದ್ದ ಔಷಧವೊಂದು ಭಾರೀ ವ್ಯಾಪಾರವಾದದ್ದು ಅಮೆರಿಕದಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆದದ್ದು 1874ರಲ್ಲಿ. ಅದರ ಮರುವರ್ಷ ಮ್ಯಾಸಚೂಸೆಟ್ಸ್‌ನ ಲಿನ್ ಎಂಬ ಊರಿನ ಗೃಹಿಣಿ ಲಿಡಿಯಾ ಪಿಂಕಮ್, ತನ್ನ ಒಲೆಯ ಮೇಲೆ ಕಾಯಿಸುತ್ತಿದ್ದ ಕಷಾಯವನ್ನು ಮಾರಾಟಕ್ಕೆ ಇಳಿಸಿದಳು. ನಾಲ್ಕು ಬಗೆಯ ಬೇರುಮೂಲಿಕೆಗಳ ಜೊತೆ ಅದರಲ್ಲಿ ಮೆಂತ್ಯವೂ ಇತ್ತು, ಮದ್ಯಸಾರವೂ ಇತ್ತು. ವೈದ್ಯರಿಗೆ ಹೇಳಲು ನಾಚುತ್ತಿದ್ದ ಹೆಂಗಸರು ಆಕೆಗೆ ಪತ್ರ ಬರೆದು ಸಲಹೆ ಕೇಳುತ್ತಿದ್ದರು. ಆಕೆ 1883ರಲ್ಲಿ ತೀರಿಕೊಂಡ ಮೇಲೂ ಕಂಪನಿಯು ಪತ್ರಗಳಿಗೆ ಆಕೆಯ ಹೆಸರಿನಲ್ಲೇ ಉತ್ತರ ಕಳಿಸಿತು! 1905ರಲ್ಲಿ ಒಂದು ಪತ್ರಿಕೆ ಆಕೆಯ ಗೋರಿಕಲ್ಲಿನ ಚಿತ್ರವನ್ನೇ ಅಚ್ಚುಹಾಕಿ ಇದನ್ನು ಬಯಲಿಗೆಳೆಯಿತು. 1906ರ ಕಾಯ್ದೆಯ ನಂತರ ಸೀಸೆಯ ಮೇಲೆ ಮದ್ಯಸಾರದ ಪ್ರಮಾಣವನ್ನು ನಮೂದಿಸಲೇಬೇಕಾಯಿತು: ಶೇಕಡಾ 18. ಹೆಂಗಸರಿಗೆ ನೆಮ್ಮದಿ ತಂದದ್ದು ಮೆಂತ್ಯವೋ, ಬೇರೋ, ಮದ್ಯಸಾರವೋ, ಇಲ್ಲ ತಮ್ಮ ಕಷ್ಟವನ್ನು ಕೇಳುವವರು ಒಬ್ಬರಿದ್ದಾರೆಂಬ ಭಾವನೆಯೋ? ಇದನ್ನು ಬೇರ್ಪಡಿಸಿ ಪರೀಕ್ಷಿಸುವ ಕ್ರಮ ಆಗ ಇರಲಿಲ್ಲ.

ಮುಂದಿನ ಹೆಜ್ಜೆ ರಸಾಯನಶಾಸ್ತ್ರದ್ದು. 1943ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯೋಸ್ಜೆನಿನ್ ಎಂಬ ವಸ್ತುವಿನಿಂದ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಕಿಲೋಗಟ್ಟಲೆ ತಯಾರಿಸಿ ತೋರಿಸಿದನು. ಮೆಂತ್ಯದ ಕಾಳಿನಿಂದಲೂ ಇದೇ ಡಯೋಸ್ಜೆನಿನ್ ದೊರೆಯುತ್ತದೆ. 1968ರಲ್ಲಿ ಇಂಗ್ಲೆಂಡಿನ ಫಜ್ಲಿ ಮತ್ತು ಹಾರ್ಡ್‌ಮನ್ ಅದನ್ನು ಈ ಕೈಗಾರಿಕೆಯ ಕಚ್ಚಾವಸ್ತುವಾಗಿ ಪರಿಶೀಲಿಸಿ ಲೇಖನ ಪ್ರಕಟಿಸಿದರು. "ಮೆಂತ್ಯದಲ್ಲಿ ಹಾರ್ಮೋನು ಇದೆ" ಎಂಬ ಮಾತಿಗೆ ಇಂಬು ಸಿಕ್ಕಿದ್ದು ಇಲ್ಲಿಂದಲೇ. ಇಲ್ಲಿ ಎಚ್ಚರ ಬೇಕು. ಡಯೋಸ್ಜೆನಿನ್ ಹಾರ್ಮೋನಾಗುವುದು ಪ್ರಯೋಗಶಾಲೆಯ ಹಲವು ರಾಸಾಯನಿಕ ಕ್ರಿಯೆಗಳ ನಂತರ. ಆ ಕೆಲಸಕ್ಕೆ ಬೇಕಾದ ಕಿಣ್ವಗಳು ಮನುಷ್ಯನ ದೇಹದಲ್ಲಿಲ್ಲ. ಮೆಂತ್ಯ ತಿಂದವರ ಹೊಟ್ಟೆಯಲ್ಲಿ ಪ್ರೊಜೆಸ್ಟೆರಾನ್ ತಯಾರಾಗುವುದಿಲ್ಲ.

ಇಷ್ಟರಲ್ಲಿ ಋತುಬಂಧಕ್ಕೆ ಹಾರ್ಮೋನು ಮಾತ್ರೆಗಳು ಬಂದಿದ್ದವು. 2002ರಲ್ಲಿ ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಅಧ್ಯಯನವೊಂದನ್ನು ಮಧ್ಯದಲ್ಲೇ ನಿಲ್ಲಿಸಲಾಯಿತು. ಎರಡು ಹಾರ್ಮೋನುಗಳ ಮಾತ್ರೆ ನುಂಗಿದವರಲ್ಲಿ ಮೂಳೆ ಮುರಿತ ಕಡಿಮೆಯಾಗಿತ್ತು. ಆದರೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಾಗಿದ್ದವು. ಜನ ಹೆದರಿ ಮತ್ತೆ ಗಿಡಮೂಲಿಕೆಗಳ ಕಡೆ ತಿರುಗಿದರು. ಅರುವತ್ತರೊಳಗಿನ ಆರೋಗ್ಯವಂತ ಮಹಿಳೆಗೆ ತೀವ್ರ ತೊಂದರೆಯಿದ್ದರೆ ಹಾರ್ಮೋನು ಚಿಕಿತ್ಸೆಯ ಲಾಭವೇ ಸಾಮಾನ್ಯವಾಗಿ ಹೆಚ್ಚು ಎಂಬುದು ನಂತರದ ವಿವೇಚನೆಯಿಂದ ಸ್ಪಷ್ಟವಾಗಿದೆ. ಅದನ್ನು ನಿರ್ಧರಿಸಬೇಕಾದವರು ವೈದ್ಯರು.

ಮೆಂತ್ಯವೂ ಕೊನೆಗೆ ಪರೀಕ್ಷೆಗೆ ಬಂತು. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನದಲ್ಲಿ 115 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೆಂತ್ಯದ ಸತ್ವ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆಯನ್ನು 12 ವಾರ ಕೊಟ್ಟರು. ಯಾರಿಗೆ ಯಾವುದು ಎಂಬುದು ಪರೀಕ್ಷೆ ಮುಗಿಯುವ ತನಕ ಕೊಟ್ಟವರಿಗೂ ತಿಳಿಯದು, ತೆಗೆದುಕೊಂಡವರಿಗೂ ತಿಳಿಯದು. ಸತ್ವ ತೆಗೆದುಕೊಂಡವರಲ್ಲಿ ಮೈ ಬಿಸಿ, ರಾತ್ರಿಯ ಬೆವರು ಹೆಚ್ಚು ಇಳಿದವು. ಭರವಸೆಯ ಫಲಿತಾಂಶವೇ ಸರಿ. ಆದರೆ ಅಧ್ಯಯನ ಚಿಕ್ಕದು. ಕೊಟ್ಟದ್ದು ಸಂಸ್ಕರಿಸಿದ ಸತ್ವ, ನೆನೆಸಿದ ಕಾಳಲ್ಲ.

ಕಾಳಿನ ಬಗ್ಗೆ ಹೆಚ್ಚು ಗಟ್ಟಿಯಾದ ಮಾತು ಸಕ್ಕರೆ ಕಾಯಿಲೆಗೆ ಸಂಬಂಧಿಸಿದ್ದು. ನಮ್ಮ ರೈಲು ಮುಟ್ಟುವ ಹೈದರಾಬಾದಿನಲ್ಲೇ ಇರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಆರ್.ಡಿ. ಶರ್ಮ ಮತ್ತು ಸಂಗಡಿಗರು 1980ರ ದಶಕದಿಂದ ನಡೆಸಿದ ಪ್ರಯೋಗಗಳಲ್ಲಿ ಮೆಂತ್ಯವು ರಕ್ತದ ಸಕ್ಕರೆಯನ್ನು ಇಳಿಸುವುದು ಕಂಡುಬಂತು. ಕಾಳಿನ ತೂಕದಲ್ಲಿ ಅರ್ಧದ ಹತ್ತಿರ ನಾರು. ಅದು ನೆನೆದು ಲೋಳೆಯಾಗಿ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ. ಋತುಬಂಧದ ನಂತರ ಸಕ್ಕರೆ ಕಾಯಿಲೆ, ಹೃದ್ರೋಗಗಳ ಸಂಭವ ಹೆಚ್ಚುವುದರಿಂದ ಈ ಗುಣಕ್ಕೂ ಬೆಲೆಯಿದೆ.

ಆದ್ದರಿಂದ ಅವ್ವ ಬೆಳಿಗ್ಗೆ ಒಂದು ಚಮಚ ನೆನೆಸಿದ ಮೆಂತ್ಯ ತಿನ್ನುತ್ತಿದ್ದರೆ ತಿನ್ನಲಿ. ಸಕ್ಕರೆ ಕಾಯಿಲೆಗೆ ಅಥವಾ ರಕ್ತ ತೆಳುವಾಗಿಸಲು ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರಿಗೆ ತಿಳಿಸಬೇಕು. ಶೇಂಗಾ ಒಗ್ಗದವರಿಗೆ ಮೆಂತ್ಯವೂ ಒಗ್ಗದಿರಬಹುದು. ಮೂಳೆಗಾಗಿ ಎಳ್ಳು, ರಾಗಿ, ಮೊಸರು ಬೇಕು, ಮೆಂತ್ಯವೊಂದೇ ಸಾಲದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿದರೆ, ಅದು ಒಂದೇ ಹನಿಯಾದರೂ, ಯಾವ ಕಾಳೂ ಯಾವ ಕಷಾಯವೂ ಅದಕ್ಕೆ ಮದ್ದಲ್ಲ. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ ಆಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು; ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಬಹಳ. ಮೈ ಬಿಸಿಯನ್ನೇ ಯಾರಿಗೂ ಹೇಳದ ಹೆಂಗಸು ಇದನ್ನು ಹೇಳಿಯಾಳೆ? ಅಪಾಯ ಇರುವುದು ಈ ಮೌನದಲ್ಲಿ.

ಒಂದು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಮಳಖೇಡದಲ್ಲಿ ಔಷಧದ ವಿಷಯ ತುಂಬಿದ ಸಭೆಯಲ್ಲಿ ಚರ್ಚೆಯಾಯಿತು. ಇಂದು ಅದೇ ಸೀಮೆಯ ಮನೆಗಳಲ್ಲಿ ಈ ಮಾತು ಅಡುಗೆಮನೆಯ ಹೊಸ್ತಿಲನ್ನೂ ದಾಟುವುದಿಲ್ಲ. ವಿದ್ಯೆ ಕಲಿತ ನೀವು ಅದನ್ನು ದಾಟಿಸಬೇಕು. ಇವತ್ತು ಸಂಜೆ ಅವ್ವನ ಹತ್ತಿರ, ದೊಡ್ಡವ್ವನ ಹತ್ತಿರ ಕುಳಿತು "ನಿದ್ದಿ ಬರ್ತದೇನು? ಮೈ ಹ್ಯಾಂಗದ?" ಎಂದು ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.