ಸ್ಪಿನ್ ವ್ಯೂಹಗಳ ಸಂಸ್ಕಾರಶೇಷವಿಚಾರ

ನಮ್ಮಲ್ಲಿ ಹಿಂದೆ ಲಘುಕೌಮುದಿಯನ್ನೂ ತರ್ಕಸಂಗ್ರಹವನ್ನೂ ಓದಿ ಈಗ ಕಲಬುರಗಿಯಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿರುವ ಶಿಷ್ಯನೊಬ್ಬನು ಕಳೆದ ಹಿಂಗಾರಿಯ ಕಾಲದಲ್ಲಿ ಅತನೂರಿಗೆ ಬಂದಿದ್ದಾಗ ಒಂದು ಪದವನ್ನು ಕೇಳಿದನು. ಪರಮಾಣುಗರ್ಭದ ಕಣಗಳಿಗೆ ಸ್ಪಿನ್ ಎಂಬುದೊಂದು ಗುಣವುಂಟು. ಅಂತಹ ಕಣವು ಸುತ್ತಲಿನ ಪರಿಸರದೊಡನೆ ವ್ಯವಹರಿಸುತ್ತಿರುವಾಗ, ಕಳೆದುಹೋಯಿತೆಂದು ಎಣಿಸಿದ ತನ್ನ ಪೂರ್ವಸ್ಥಿತಿಯ ಗುರುತನ್ನು ಒಮ್ಮೊಮ್ಮೆ ಮರಳಿ ಪಡೆಯುತ್ತದೆ. ಇಂಗ್ಲಿಷಿನಲ್ಲಿ ಇದನ್ನು ‘ಮೆಮೊರಿ ಎಫೆಕ್ಟ್’ ಎನ್ನುವರು. ಕನ್ನಡದಲ್ಲಿ ‘ಸ್ಮೃತಿಪರಿಣಾಮ’ ಎನ್ನಬಹುದೇ ಎಂಬುದು ಅವನ ಪ್ರಶ್ನೆ. ನಾವು ಒಡನೆಯೇ ಆಗದೆಂದೆವು. ವಸ್ತುಸ್ವರೂಪವನ್ನು ತಿಳಿಯುವ ಮೊದಲೇ ಪದವನ್ನು ನಿರಾಕರಿಸುವುದು ಪಂಡಿತರಾದ ನಮ್ಮ ಹಳೆಯ ದೋಷವೆಂಬುದು ಆಮೇಲೆ ಮನಸ್ಸಿಗೆ ಬಂದಿತು. ಆ ಶಿಷ್ಯನ ನೆರವಿನಿಂದಲೇ ಓದಿ ತಿಳಿದಷ್ಟನ್ನು, ಅದರಲ್ಲಿಯೂ ಕರ್ಣಾಟಕದಲ್ಲಿ ನಡೆದ ಭಾಗವನ್ನು, ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲು ‘ಸ್ಪಿನ್’ ಎಂಬ ಶಬ್ದ. ೧೯೨೨ರಲ್ಲಿ ಸ್ಟರ್ನ್ ಮತ್ತು ಗೆರ್ಲಾಖ್ ಎಂಬ ಜರ್ಮನ್ ವಿದ್ವಾಂಸರು ಬೆಳ್ಳಿಯ ಪರಮಾಣುಗಳ ಧಾರೆಯನ್ನು ವಿಷಮವಾದ ಅಯಸ್ಕಾಂತಕ್ಷೇತ್ರದೊಳಗೆ ಹಾಯಿಸಿ, ಅದು ಎರಡಾಗಿ ಸೀಳುವುದನ್ನು ಕಂಡರು. ೧೯೨೫ರಲ್ಲಿ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿತ್ ಎಂಬವರು ಇಲೆಕ್ಟ್ರಾನಿಗೆ ಈ ಗುಣವನ್ನು ಹೇಳಿದರು. ಬುಗುರಿಯಂತೆ ತಿರುಗುವುದೆಂಬ ಕಲ್ಪನೆಯಿಂದ ಹೆಸರು ಬಂದಿತಾದರೂ ಕಣವು ಹಾಗೆ ತಿರುಗುವುದಿಲ್ಲವೆಂದು ಬಲ್ಲವರೆಲ್ಲರೂ ಒಪ್ಪಿರುವರು. ಆದುದರಿಂದ ‘ಭ್ರಮಣ’ವೆಂದು ಅನುವಾದಿಸಿದರೆ ಯೌಗಿಕಾರ್ಥವು ಬಂದು ಓದುಗನನ್ನು ತಪ್ಪುದಾರಿಗೆ ಎಳೆಯುವುದು. ಸ್ಪಿನ್ ಎಂಬುದನ್ನೇ ರೂಢಪದವಾಗಿ ಇಟ್ಟುಕೊಳ್ಳುವುದು ಕ್ಷೇಮ.

ಈ ಗುಣವನ್ನು ನೀರು ಮುಂತಾದ ಸಾಮಾನ್ಯ ಪದಾರ್ಥಗಳಲ್ಲಿ ನೇರವಾಗಿ ಗುರುತಿಸುವ ಉಪಾಯವನ್ನು ಅಮೆರಿಕದಲ್ಲಿ ಬ್ಲಾಖ್ ಮತ್ತು ಪರ್ಸೆಲ್ ಎಂಬವರು ಬೇರೆಬೇರೆಯಾಗಿ ಕಂಡು ೧೯೪೬ರಲ್ಲಿ ಪ್ರಕಟಿಸಿದರು. ೧೯೫೨ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಿಕವು ದೊರೆಯಿತು. ಬಲವಾದ ಅಯಸ್ಕಾಂತದಲ್ಲಿ ನೀರನ್ನಿರಿಸಿ ತಕ್ಕ ರೇಡಿಯೋ ತರಂಗವನ್ನು ಪ್ರಯೋಗಿಸಿದರೆ ಜಲಜನಕದ ಪರಮಾಣುಗರ್ಭಗಳು ಅದಕ್ಕೆ ಓಗೊಡುವುವು. ಸ್ಥಿತಿ ಕದಡಿದ ಮೇಲೆ ಅವು ಮರಳಿ ತಮ್ಮ ಸಹಜಸ್ಥಿತಿಗೆ ಬರಲು ಕಾಲ ಬೇಕು. ಶುದ್ಧವಾದ ನೀರಿನಲ್ಲಿ ಅದು ಕೆಲವು ಸೆಕೆಂಡುಗಳು. ಪರಮಾಣುಲೋಕದ ಮಾನದಿಂದ ಇದು ದೀರ್ಘವಾದ ಕಾಲ. ಆ ಅವಧಿಯಲ್ಲಿ ನೀರಿನ ಕಣವು ತನಗೆ ಆದುದನ್ನು ಹೊತ್ತುಕೊಂಡೇ ಇರುವುದು.

ಇಲ್ಲಿ ಬೆಂಗಳೂರಿನ ಮೊದಲ ಪಾತ್ರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಎಂಬವರು ೧೯೫೧ರಲ್ಲಿ, ಹರಿಯುವ ದ್ರವಗಳಲ್ಲಿ ಪರಮಾಣುಗರ್ಭದ ಅನುರಣನವನ್ನು ಕುರಿತು ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಅದು ಬಂದುದು ಶ್ರೀ ರಾಮನ್ನರು ೧೯೩೪ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ನಿಂತ ನೀರಿಗೆ ತರಂಗವನ್ನು ಬಲವಾಗಿ ಪ್ರಯೋಗಿಸುತ್ತಿದ್ದರೆ ಸ್ಪಿನ್ನುಗಳು ದಣಿದಂತಾಗಿ ಅವುಗಳ ಸಂಕೇತವು ಕ್ಷೀಣಿಸುವುದು. ಅದೇ ನೀರನ್ನು ಹರಿಯಬಿಟ್ಟರೆ ದಣಿದವು ಹೊರಕ್ಕೆ ಹೋಗಿ, ದಣಿಯದ ಹೊಸವು ಒಳಕ್ಕೆ ಬಂದು, ಸಂಕೇತವು ಮತ್ತೆ ಬಲಗೊಳ್ಳುವುದು. ನೋಡುವುದಕ್ಕೆ ಸರಳವಾದ ಈ ಪರೀಕ್ಷೆಯಿಂದ ಹರಿವಿನ ಅಳತೆಗೆ ಸ್ಪಿನ್ನೇ ಸಾಧನವಾಗಬಲ್ಲದೆಂಬುದು ಸಿದ್ಧವಾಯಿತು. ೧೯೫೯ರಲ್ಲಿ ಅಮೆರಿಕದ ಸಿಂಗರ್ ಎಂಬವರು ಇದೇ ಅನುರಣನದಿಂದ ರಕ್ತದ ಹರಿವನ್ನು ಅಳೆದರು. ಇಂದು ಆಸ್ಪತ್ರೆಯಲ್ಲಿ ಎಂ. ಆರ್. ಐ. ಯಂತ್ರದೊಳಗೆ ಮಲಗಿ ರಕ್ತನಾಳಗಳ ಚಿತ್ರವನ್ನು ತೆಗೆಯಿಸಿಕೊಂಡವರಲ್ಲಿ ಸೂರ್ಯನ್ನರ ಹೆಸರನ್ನು ಕೇಳಿದವರು ಎಷ್ಟು ಮಂದಿಯೋ!

ಇದಕ್ಕೆ ಒಂದು ವರ್ಷ ಮೊದಲು, ೧೯೫೦ರಲ್ಲಿ, ಹಾನ್ ಎಂಬ ಅಮೆರಿಕದ ತರುಣನು ‘ಸ್ಪಿನ್ ಪ್ರತಿಧ್ವನಿ’ಯನ್ನು ಪ್ರಕಟಪಡಿಸಿದ್ದನು. ಒಟ್ಟಾಗಿ ಹೊರಟ ಸ್ಪಿನ್ನುಗಳು ಚದುರಿ ಸಂಕೇತವು ಪೂರ್ಣವಾಗಿ ಅಡಗಿದ ಮೇಲೆ, ಇನ್ನೊಂದು ತರಂಗಾಘಾತವನ್ನು ಕೊಟ್ಟು ಸುಮ್ಮನೆ ಕಾದರೆ, ಅಡಗಿದ ಸಂಕೇತವು ತಾನಾಗಿ ಎದ್ದುಬರುವುದು. ಚದುರಿದುದಕ್ಕೆ ಕಾರಣ, ಅಯಸ್ಕಾಂತದ ಬಲವು ಎಲ್ಲೆಡೆಯೂ ಸಮವಾಗಿಲ್ಲದೆ ಒಂದೊಂದು ಸ್ಪಿನ್ನೂ ಒಂದೊಂದು ವೇಗದಿಂದ ಸಾಗಿದ್ದುದು. ಪ್ರತಿಯೊಂದರಲ್ಲಿಯೂ ಅದರ ಪೂರ್ವವೃತ್ತಾಂತವು ಉಳಿದೇ ಇದ್ದಿತು. ಸಮುದಾಯವನ್ನು ಮಾತ್ರ ನೋಡುತ್ತಿದ್ದ ಪರೀಕ್ಷಕನಿಗೆ ಅದು ಕಾಣದಾಗಿತ್ತು. ಈ ಅಂಶವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮರೆವು ಯಾರದು, ಸ್ಪಿನ್ನಿನದೋ ನಮ್ಮದೋ ಎಂಬ ಸಂಶಯಕ್ಕೆ ಇದೇ ಮೂಲ.

ಇನ್ನು ಸಿದ್ಧಾಂತಪಕ್ಷ. ಹೊರಗಿನ ಸಂಪರ್ಕವಿಲ್ಲದ ವ್ಯೂಹದ ನಡೆಗೆ ಶ್ರೋಡಿಂಗರನ ಸಮೀಕರಣವು ಸಾಲುವುದು. ಲೋಕದಲ್ಲಿ ಅಂತಹ ವ್ಯೂಹವೇ ಇಲ್ಲ. ಪರಿಸರಕ್ಕೆ ತೆರೆದುಕೊಂಡಿರುವ ವ್ಯೂಹವನ್ನು, ಪರಿಸರವನ್ನು ಬಿಟ್ಟು ಅದೊಂದನ್ನೇ ವರ್ಣಿಸುವ ನಿಯಮ ಯಾವುದು? ೧೯೬೧ರಲ್ಲಿ ಇ. ಸಿ. ಜಿ. ಸುದರ್ಶನ್, ಪಿ. ಎಂ. ಮ್ಯಾಥ್ಯೂಸ್, ಜಯಸೀತಾ ರಾವ್ ಎಂಬ ಮೂವರು ಇದನ್ನು ವಿಚಾರಿಸಿ, ಅಂತಹ ನಿಯಮದ ಸಾಮಾನ್ಯರೂಪವನ್ನು ಬರೆದರು. ಕೇರಳದ ಕೋಟ್ಟಯಂ ಸೀಮೆಯವರಾದ ಸುದರ್ಶನರು ೧೯೭೦ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ನಡೆಯಿಸಿದವರು, ೨೦೧೮ರಲ್ಲಿ ದಿವಂಗತರಾದರು. ೧೯೭೧ರಲ್ಲಿ ಕ್ರೌಸ್ ಎಂಬ ಜರ್ಮನ್ ವಿದ್ವಾಂಸರು ಬರೆದ ರೂಪವು ಆ ನಿಯಮಕ್ಕೆ ಅತ್ಯಂತ ಸಮೀಪವಾದುದಾದರೂ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡುದು ಕ್ರೌಸರ ಹೆಸರು. ೧೯೭೬ರಲ್ಲಿ ಗೊರೀನಿ, ಕೊಸ್ಸಕೋವ್ಸ್ಕಿ, ಸುದರ್ಶನ್ ಎಂಬವರು ಒಂದು ಕಡೆಯೂ, ಲಿಂಡ್‌ಬ್ಲಾಡ್ ಎಂಬ ಸ್ವೀಡನ್ನಿನ ವಿದ್ವಾಂಸರು ಇನ್ನೊಂದು ಕಡೆಯೂ ಒಂದೇ ಸಮೀಕರಣವನ್ನು ಸಾಧಿಸಿದರು. ಅದನ್ನೂ ಬಹುಕಾಲ ಲಿಂಡ್‌ಬ್ಲಾಡರದೆಂದೇ ಕರೆಯುತ್ತಿದ್ದು, ನಾಲ್ವರ ಹೆಸರನ್ನೂ ಸೇರಿಸುವ ವಾಡಿಕೆ ಈಚೆಗೆ ಬಂದಿದೆ. ಗ್ರಂಥಕರ್ತೃತ್ವದ ಜಿಜ್ಞಾಸೆಯು ಹಳೆಯ ತಾಳೆಗರಿಗಳಿಗೆ ಮಾತ್ರ ಮೀಸಲಲ್ಲ.

೧೯೭೬ರ ಸಮೀಕರಣವು ಮರೆವಿನ ಸಮೀಕರಣ. ವ್ಯೂಹವು ಪರಿಸರಕ್ಕೆ ಕೊಟ್ಟುದು ಕೊಟ್ಟೇ ಹೋಯಿತು, ಮುಂದಿನ ಕ್ಷಣವು ಈ ಕ್ಷಣದ ಸ್ಥಿತಿಯೊಂದನ್ನೇ ಅವಲಂಬಿಸುವುದು ಎಂಬುದು ಅದರ ಅಭ್ಯುಪಗಮ. ಇಂತಹ ನಡೆಯನ್ನು ರಷ್ಯದ ಗಣಿತಜ್ಞ ಮಾರ್ಕೋವನ ಹೆಸರಿನಿಂದ ಕರೆಯುವರು. (ಈ ಮಾರ್ಕೋವನು ೧೯೧೩ರಲ್ಲಿ ಪುಷ್ಕಿನ್ ಕವಿಯ ಒಂದು ಕಾವ್ಯದ ಇಪ್ಪತ್ತು ಸಾವಿರ ಅಕ್ಷರಗಳನ್ನು ತೆಗೆದುಕೊಂಡು, ಸ್ವರದ ಹಿಂದೆ ವ್ಯಂಜನ ಎಷ್ಟು ಬಾರಿ, ಸ್ವರ ಎಷ್ಟು ಬಾರಿ ಎಂದು ಎಣಿಸಿದವನು. ಛಂದಸ್ಸಿನಲ್ಲಿ ಗುರುಲಘುಗಳನ್ನು ಎಣಿಸುತ್ತ ಬೆಳೆದ ನಮಗೆ ಅವನಲ್ಲಿ ವಿಶೇಷ ಪ್ರೀತಿ.) ಪರಿಸರವು ವಿಶಾಲವೂ ಶೀಘ್ರವೂ ಆಗಿ, ಸಂಪರ್ಕವು ದುರ್ಬಲವಾಗಿದ್ದಲ್ಲಿ ಈ ಸಮೀಕರಣವು ಚೆನ್ನಾಗಿ ಸಲ್ಲುವುದು.

ಎಲ್ಲಿ ಸಲ್ಲದು? ನಮ್ಮ ಸೀಮೆಯ ಒಕ್ಕಲುತನದ ದೃಷ್ಟಾಂತವನ್ನು ಕೊಡಬಹುದು. ಮರಳುನೆಲದಲ್ಲಿ ಬಿದ್ದ ಮಳೆಯು ಇಂಗಿಹೋಗುವುದು. ಆ ನೆಲದ ಪೈರು ಇಂದಿನ ಮಳೆಯನ್ನು ಮಾತ್ರ ನಂಬಬೇಕು. ಎರೆಭೂಮಿ ಹಾಗಲ್ಲ. ಅಫಜಲಪುರ ಜೇವರ್ಗಿಗಳ ಎರೆಹೊಲದಲ್ಲಿ ಮಳೆಗಾಲದ ಕೊನೆಗೆ ಬಿತ್ತಿದ ಹಿಂಗಾರಿ ಬಿಳಿಜೋಳವು, ಆಮೇಲೆ ಮಳೆ ಬಾರದಿದ್ದರೂ, ನೆಲವು ಹಿಡಿದಿಟ್ಟ ಹಸಿಯಿಂದಲೇ ತೆನೆಗಟ್ಟುವುದು. ಆಕಾಶವನ್ನೂ ಪೈರನ್ನೂ ಮಾತ್ರ ನೋಡಿ ನೆಲವನ್ನು ಲೆಕ್ಕಕ್ಕೆ ಹಿಡಿಯದವನಿಗೆ ಇದು ವಿಸ್ಮಯವಾಗಿ ತೋರುವುದು. ಸ್ಪಿನ್ನಿನಿಂದ ಪರಿಸರಕ್ಕೆ ಹೋದ ಮಾಹಿತಿಯು ಹೀಗೆಯೇ ಅಲ್ಲಿ ನಿಂತು ಮರಳಿ ಬರಬಹುದು. ೨೦೦೯ರಲ್ಲಿ ಬ್ರಾಯರ್, ಲೈನೆ, ಪೀಲೋ ಎಂಬವರು ಇದಕ್ಕೆ ಒಂದು ಅಳತೆಯನ್ನೇ ಹೇಳಿದರು: ಎರಡು ಭಿನ್ನಸ್ಥಿತಿಗಳಿಂದ ಹೊರಟ ವ್ಯೂಹಗಳ ನಡುವಣ ಭೇದವು ಕುಗ್ಗುತ್ತ ಬಂದು ಯಾವಾಗಲಾದರೂ ಮತ್ತೆ ಬೆಳೆದರೆ, ಮಾಹಿತಿಯು ಹಿಂದಕ್ಕೆ ಹರಿಯಿತೆಂದು ತಿಳಿಯತಕ್ಕದ್ದು.

ಆದರೆ ಇದಕ್ಕಿಂತ ಆಳವಾದ ವಿವಾದವೊಂದುಂಟು. ವ್ಯೂಹವೂ ಪರಿಸರವೂ ಆರಂಭದಲ್ಲಿ ಪರಸ್ಪರ ಅಸಂಬದ್ಧವಾಗಿದ್ದುವು ಎಂದು ಒಪ್ಪಿಕೊಂಡರೆ, ವ್ಯೂಹದ ನಡೆಯ ನಿಯಮಕ್ಕೆ ‘ಪೂರ್ಣಧನತ್ವ’ವೆಂಬ ಲಕ್ಷಣವು ಬರುವುದು. ಈ ವ್ಯೂಹಕ್ಕೆ ದೂರದಲ್ಲಿ ಎಂತಹ ಜೊತೆಗಾರನಿದ್ದರೂ ಗಣಿತದಲ್ಲಿ ಸಂಭಾವ್ಯತೆಯು ಶೂನ್ಯಕ್ಕಿಂತ ಕಡಮೆಯಾಗದು ಎಂದರ್ಥ. ೧೯೯೪ರಲ್ಲಿ ಪೆಚುಕಾಸ್ ಎಂಬವರು ಆ ಅಸಂಬದ್ಧತೆಯನ್ನೇ ಪ್ರಶ್ನಿಸಿದರು; ೧೯೯೫ರಲ್ಲಿ ಅಲಿಕಿ ಎಂಬವರು ಪೂರ್ಣಧನತ್ವವನ್ನು ಸಮರ್ಥಿಸಿದರು; ಪೆಚುಕಾಸರು ಪ್ರತ್ಯುತ್ತರವನ್ನಿತ್ತರು. ಸುದರ್ಶನರು ಯಾವ ಪಕ್ಷವನ್ನು ಹಿಡಿದರೆಂಬುದು ಸ್ವಾರಸ್ಯವಾಗಿದೆ. ೧೯೭೬ರ ಸಮೀಕರಣದ ಶೀರ್ಷಿಕೆಯಲ್ಲಿಯೇ ಪೂರ್ಣಧನತ್ವವನ್ನು ಇರಿಸಿದ್ದ ಅವರು, ೨೦೦೪ರಲ್ಲಿ ಜೋರ್ಡನ್ ಮತ್ತು ಅನಿಲ್ ಶಾಜಿ ಎಂಬವರೊಡನೆ ಆರಂಭದಲ್ಲಿಯೇ ಸಂಬದ್ಧವಾದ ವ್ಯೂಹಗಳನ್ನು ವಿಚಾರಿಸಿ, ಮರುವರ್ಷ ಶಾಜಿಯವರೊಡನೆ ಬರೆದ ಲೇಖನದಲ್ಲಿ, ಆ ಲಕ್ಷಣವಿಲ್ಲದ ನಿಯಮಗಳಿಗೆ ಅಂಜಬೇಕಾದುದೇನೆಂದು ಕೇಳಿದರು. ತನ್ನ ಸಿದ್ಧಾಂತಕ್ಕೆ ತಾನೇ ಪೂರ್ವಪಕ್ಷಿಯಾಗಿ ನಿಲ್ಲುವ ಧೈರ್ಯವು ಶಾಸ್ತ್ರಕಾರರಲ್ಲಿ ವಿರಳ.

ಈ ವಿಚಾರವನ್ನು ಕರ್ಣಾಟಕದಲ್ಲಿ ಮುಂದುವರಿಸಿದವರು ಬೆಂಗಳೂರು ವಿಶ್ವವಿದ್ಯಾಲಯದ ಎ. ಆರ್. ಉಷಾದೇವಿಯವರೂ ಕುವೆಂಪು ವಿಶ್ವವಿದ್ಯಾಲಯದ ಸುಧಾ ಅವರೂ. ಎ. ಕೆ. ರಾಜಗೋಪಾಲರೊಡನೆ ಅವರು ೨೦೧೧ರಲ್ಲಿ ಪ್ರಕಟಿಸಿದ ಲೇಖನವು ಆರಂಭಸಂಬಂಧ, ಪೂರ್ಣಧನತ್ವದ ಅಭಾವ, ಮಾರ್ಕೋವನ ನಡೆಯಿಂದಾಗುವ ಚ್ಯುತಿ ಎಂಬ ಮೂರನ್ನೂ ಒಂದೆಡೆ ಇಟ್ಟು ಪರಿಶೀಲಿಸುವುದು.

ಮಾಹಿತಿಯ ಸಾಗಣೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸ್ಪಿನ್ನುಗಳನ್ನು ಸಾಲಾಗಿ ಪೋಣಿಸಿ ಒಂದು ತುದಿಯ ಸ್ಥಿತಿಯನ್ನು ಇನ್ನೊಂದು ತುದಿಗೆ ಮುಟ್ಟಿಸಬಹುದೆಂದು ೨೦೦೩ರಲ್ಲಿ ಸೌಗತ ಬೋಸ್ ತೋರಿಸಿದರು. ನೆರೆಹೊರೆಯ ಸಂಬಂಧಬಲವು ಎಲ್ಲೆಡೆಯೂ ಸಮವಾಗಿದ್ದರೆ ಎರಡು ಮೂರು ಸ್ಪಿನ್ನುಗಳಾಚೆ ಸಾಗಣೆಯು ನ್ಯೂನವಾಗುವುದು. ಬಲವನ್ನು ತಕ್ಕಂತೆ ಹೊಂದಿಸಿದರೆ ಸಾಲು ಉದ್ದವಾದರೂ ಪೂರ್ಣವಾಗುವುದು. ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಸ್ಪಿನ್ ಅನುರಣನವನ್ನು ಬೆಳೆಯಿಸಿದ ಅನಿಲ್ ಕುಮಾರರು, ರಾಮಕೋಟೇಶ್ವರ ರಾವ್ ಮತ್ತು ಟಿ. ಎಸ್. ಮಹೇಶ್ ಎಂಬವರೊಡನೆ ೨೦೧೪ರಲ್ಲಿ, ಸಾಲಿನ ಸ್ಥಿತಿಯು ಕನ್ನಡಿಯಲ್ಲಿಯಂತೆ ತುದಿಗಳನ್ನು ಅದಲುಬದಲಾಗಿಸಿಕೊಳ್ಳುವುದನ್ನು ಪರಮಾಣುಗರ್ಭದ ಸ್ಪಿನ್ನುಗಳಲ್ಲಿಯೇ ಅನುಕರಿಸಿ ತೋರಿಸಿದರು.

ಈಗ ಶಿಷ್ಯನ ಪ್ರಶ್ನೆಗೆ ಬರೋಣ. ಸ್ಮೃತಿಯು ಜ್ಞಾನವಿಶೇಷವಾದುದರಿಂದ ಜಡವಾದ ಸ್ಪಿನ್ನಿಗೆ ಸಲ್ಲದು. ವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕವೆಂದು ಮೂರಾಗಿ ಹೇಳುವರು. ಭಾವನೆಯು ಆತ್ಮನಿಷ್ಠವಾದುದು, ಉಳಿದೆರಡು ಜಡದ್ರವ್ಯಗಳಲ್ಲಿಯೂ ಉಂಟು. ಆದುದರಿಂದ ‘ಸಂಸ್ಕಾರಶೇಷ’ವೆಂಬುದನ್ನು ನಾವು ಸೂಚಿಸಿದೆವು. ಕಣಾದರು ಈ ಸ್ಪಿನ್ನನ್ನು ಮೊದಲೇ ಕಂಡಿದ್ದರೆಂಬ ಮಾತನ್ನು ಇದರಿಂದ ಯಾರೂ ಹೊರಡಿಸಬಾರದು. ಅಂತಹ ಮಾತುಗಳನ್ನು ಸಭೆಗಳಲ್ಲಿ ಕೇಳಿ ನಾವು ಬೇಸತ್ತಿದ್ದೇವೆ. ಅದರಿಂದ ಕಣಾದರಿಗೂ ಗೌರವವಿಲ್ಲ, ಸೂರ್ಯನ್ನರಿಗೂ ನ್ಯಾಯವಿಲ್ಲ.

ಶಿಷ್ಯನು ಪದವನ್ನು ಒಪ್ಪಿದನಾದರೂ ಆಕ್ಷೇಪವನ್ನು ಬಿಡಲಿಲ್ಲ. “ಗುರುಗಳೇ, ಸಂಸ್ಕಾರವು ಒಂದೊಂದು ದ್ರವ್ಯದಲ್ಲಿ ಬೇರೆಬೇರೆಯಾಗಿ ಇರತಕ್ಕ ಗುಣವೆಂದು ತಾವೇ ಪಾಠ ಹೇಳಿದ್ದೀರಿ. ಇಲ್ಲಿ ಉಳಿದುದು ಸ್ಪಿನ್ನಿನಲ್ಲಿಯೂ ಇಲ್ಲ, ಪರಿಸರದಲ್ಲಿಯೂ ಇಲ್ಲ. ಎರಡರ ಸಂಬಂಧದಲ್ಲಿ ಇದೆಯಲ್ಲ!” ಎಂದನು. ದ್ವಿತ್ವದಂತೆ ಎರಡನ್ನೂ ವ್ಯಾಪಿಸಿ ನಿಲ್ಲುವ ಧರ್ಮಕ್ಕೆ ವ್ಯಾಸಜ್ಯವೃತ್ತಿಯೆಂದು ಹೆಸರುಂಟು, ಇದನ್ನೂ ಹಾಗೆ ತಿಳಿ ಎಂದು ಉತ್ತರವಿತ್ತೆವು. ಅದಕ್ಕೂ ಅವನಲ್ಲಿ ಮಾತಿತ್ತು. ೧೯೩೫ರಲ್ಲಿ ಶ್ರೋಡಿಂಗರನು ತೋರಿಸಿದಂತೆ, ಹೆಣೆದುಕೊಂಡ ಎರಡು ವಸ್ತುಗಳಲ್ಲಿ ಸಮಗ್ರದ ಸ್ಥಿತಿಯು ಪೂರ್ಣವಾಗಿ ನಿಶ್ಚಿತವಾಗಿದ್ದೂ ಒಂದೊಂದರ ಸ್ಥಿತಿಯು ಅನಿಶ್ಚಿತವಾಗಿರಬಹುದು. ನಮ್ಮ ಶಾಸ್ತ್ರದಲ್ಲಿ ಎರಡು ಘಟಗಳ ದ್ವಿತ್ವವನ್ನು ಹೇಳುವಾಗ ಒಂದೊಂದು ಘಟವೂ ನಿಶ್ಚಿತವಾಗಿಯೇ ಇರುವುದು. ಸಮಗ್ರವನ್ನು ತಿಳಿದೂ ಅವಯವವನ್ನು ತಿಳಿಯದಿರುವ ಈ ಪ್ರಕಾರಕ್ಕೆ ನಾವು ಓದಿದ ಗ್ರಂಥಗಳಲ್ಲಿ ಪದವು ದೊರೆಯಲಿಲ್ಲ. ‘ಸಂಸ್ಕಾರಶೇಷ’ವನ್ನು ಸದ್ಯಕ್ಕೆ ಇಟ್ಟುಕೊಂಡು, ಇದಕ್ಕಿಂತ ಉಚಿತವಾದುದನ್ನು ಬಲ್ಲ ವಿದ್ವಾಂಸರು ಈ ಪತ್ರಿಕೆಯ ಮೂಲಕ ತಿಳಿಯಪಡಿಸಬೇಕೆಂದು ಪ್ರಾರ್ಥಿಸುತ್ತೇವೆ.