ಸೈನ್ಯದ ಬಂದೂಕು ಪೊಲೀಸರ ಕೈಗೆ: ಹೈದರಾಬಾದಿನ ಪ್ರಕರಣ

ಸೈನ್ಯವು ಬಳಸಿ ಬಿಟ್ಟ ಆಯುಧಗಳನ್ನು ಪೊಲೀಸರಿಗೆ ಒಪ್ಪಿಸುವ ಪದ್ಧತಿ ಭಾರತದಲ್ಲಿ ಹಳೆಯದು. ಆದರೆ 1857ರ ದಂಗೆಯನ್ನು ಕಂಡ ಆಂಗ್ಲ ಸರ್ಕಾರವು ಅವನ್ನು ಇದ್ದಂತೆಯೇ ಒಪ್ಪಿಸಲು ಹಿಂದೆಗೆಯುತ್ತಿತ್ತು. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ಸೈನ್ಯದ .303 ಲೀ-ಎನ್‌ಫೀಲ್ಡ್ ರೈಫಲುಗಳ ನಳಿಗೆಯನ್ನು ಕೊರೆದು ಒಳಗಿನ ಸುರುಳಿ ಗೀರುಗಳನ್ನು ಅಳಿಸಿ, ತೋಟೆಗಳನ್ನು ತುಂಬುವ ಗೂಡಿಗೆ ಮರದ ತುಂಡನ್ನಿಟ್ಟು, ಒಂದು ಬಾರಿಗೆ ಒಂದೇ ತೋಟೆ ಹಿಡಿಯುವ .410 ಮಸ್ಕೆಟ್ಟುಗಳನ್ನಾಗಿ ಮಾಡಿ ಪೊಲೀಸರಿಗೆ ಹಂಚಲಾಯಿತು. ಅದರ ಗುರಿ ದೂರಕ್ಕೆ ನಿಲ್ಲದು. ಕದ್ದೊಯ್ದವನಿಗೂ ಅದರಿಂದ ಹೆಚ್ಚಿನ ಲಾಭವಿಲ್ಲ. ಈ ಸಂಶಯಬುದ್ಧಿಯನ್ನು ಹೊಗಳಬೇಕಾದುದಿಲ್ಲ. ಆದರೂ ಸೈನಿಕನೇ ಬೇರೆ, ಪೊಲೀಸನೇ ಬೇರೆ ಎಂಬ ಗೆರೆ ಅದರಿಂದ ಉಳಿದಿತ್ತೆನ್ನಬೇಕು.

ಆ ಗೆರೆ ಅಳಿದರೆ ಏನಾದೀತೆಂಬುದನ್ನು ಹೈದರಾಬಾದು ಸಂಸ್ಥಾನ ತೋರಿಸಿತು. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದಂತೆ, ಸಂಸ್ಥಾನದ ಒಳಗಿನ ಶಾಂತಿಪಾಲನೆಗಾಗಿ ಸೈನ್ಯವನ್ನು ಕಳುಹಿಸುವ ಹೊಣೆ ಭಾರತ ಸರ್ಕಾರಕ್ಕೆ ಇರಲಿಲ್ಲ. ತನ್ನ ಸೈನ್ಯಕ್ಕೂ ಪೊಲೀಸರಿಗೂ ಬೇಕಾದ ಆಯುಧಗಳನ್ನು ದೆಹಲಿ ಕೊಡುತ್ತಿಲ್ಲವೆಂಬುದು ನಿಜಾಮ್ ಸರ್ಕಾರದ ದೂರು. ಕೊಟ್ಟ ಆಯುಧಗಳು ಯಾರ ಕೈ ಸೇರುವುವೆಂಬುದು ದೆಹಲಿಯ ಶಂಕೆ. 1948ರಲ್ಲಿ ಆಸ್ಟ್ರೇಲಿಯದ ವೈಮಾನಿಕ ಸಿಡ್ನಿ ಕಾಟನ್ ಕರಾಚಿಯಿಂದ ರಾತ್ರಿಯ ಹೊತ್ತು ಶಸ್ತ್ರಗಳನ್ನು ಹೊತ್ತು ತಂದನು. ಅವನ ವಿಮಾನಗಳು ಇಳಿದ ನೆಲೆಗಳಲ್ಲಿ ಬೀದರವೂ ಒಂದು. ಅದೇ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಆ ವರ್ಷದ ಮೇ ತಿಂಗಳಿನಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸಂಸ್ಥಾನದ ಸೈನಿಕರೂ ಪೊಲೀಸರೂ ರಜಾಕಾರರೊಡನೆ ಕೈಗೂಡಿಸಿದ್ದಾರೆಂಬುದು ಭಾರತ ಸರ್ಕಾರದ ಮುಖ್ಯ ಆರೋಪವಾಗಿತ್ತು. ಹಳ್ಳಿಯ ರೈತನ ಪಾಲಿಗೆ ಈ ಮೂವರ ನಡುವೆ ಯಾವ ಭೇದವೂ ಉಳಿದಿರಲಿಲ್ಲ.

ಸೆಪ್ಟೆಂಬರ್ 13ರಂದು ಆರಂಭವಾದ ಸೈನಿಕ ಕಾರ್ಯಾಚರಣೆ 17ರಂದು ಮುಗಿಯಿತು. ಮರುದಿನ ಜನರಲ್ ಎಲ್ ಎಡ್ರೂಸ್ ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ವಿಧಿವತ್ತಾಗಿ ಶರಣಾದರು. ಸೈನ್ಯವೇ ಮುನ್ನಡೆಸಿದ ಈ ಕಾರ್ಯಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರು ನಿಂತುದು ವಿಚಿತ್ರವೇ ಸರಿ. ಸಂಸ್ಥಾನದ ಸೈನ್ಯವನ್ನು ವಿಸರ್ಜಿಸಲಾಯಿತು. ನೆರೆಯ ಪ್ರಾಂತಗಳಿಂದ ಪೊಲೀಸರನ್ನು ಕರೆಸಲಾಯಿತು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರು ರಾಜ್ಯವನ್ನು ಸೇರಿದವು.

1962ರ ಚೀನಾ ಯುದ್ಧದ ಅನಂತರ ಸೈನ್ಯವು ಸ್ವಯಂಚಾಲಿತವಾಗಿ ತೋಟೆ ತುಂಬಿಕೊಳ್ಳುವ ರೈಫಲನ್ನು ಹಿಡಿದಾಗ .303 ರೈಫಲುಗಳು ರಾಜ್ಯಗಳ ಪೊಲೀಸರಿಗೆ ಇಳಿದುಬಂದವು. ಈ ಬಾರಿ ನಳಿಗೆ ಕೊರೆಯುವ ಮಾತೇ ಇರಲಿಲ್ಲ. ಸ್ವತಂತ್ರ ದೇಶವು ತನ್ನ ಪೊಲೀಸರನ್ನು ನಂಬಿದ್ದು ಯುಕ್ತವೇ. ಆದರೆ ಠಾಣೆಯ ಬೀಗವನ್ನೂ ಅಷ್ಟೇ ನಂಬಿದ್ದು ಮುಂದೆ ತೊಡಕಾಯಿತು. ಆಂಧ್ರದಲ್ಲಿ 1980ರಲ್ಲಿ ಹುಟ್ಟಿದ ಪೀಪಲ್ಸ್ ವಾರ್ ಪಕ್ಷದವರಿಗೆ ಪೊಲೀಸ್ ಠಾಣೆಗಳೇ ಆಯುಧಾಗಾರಗಳಾದವು. 2004ರ ಫೆಬ್ರವರಿಯಲ್ಲಿ ಅವರು ಆಂಧ್ರದ ಗಡಿಗೆ ಹೊಂದಿದ ಒಡಿಶಾದ ಕೋರಾಪುಟ್‌ನಲ್ಲಿ ಜಿಲ್ಲಾ ಪೊಲೀಸರ ಶಸ್ತ್ರಾಗಾರಕ್ಕೆ ನುಗ್ಗಿ ನೂರಾರು ಬಂದೂಕುಗಳನ್ನು ಕೊಂಡೊಯ್ದರು.