ಗರ್ಭಸ್ಥ ಶಿಶುವಿನ ನ್ಯೂನತೆಗಳ ಪತ್ತೆಗೆ ಸ್ಕ್ಯಾನಿಂಗ್: ಗರ್ಭಿಣಿಯರಿಗೆ ಮಾಹಿತಿ

ಪರೀಕ್ಷೆಯ ಅವಧಿ: ಗರ್ಭಧಾರಣೆಯ 11ರಿಂದ 14ನೇ ವಾರದೊಳಗೆ ಶಿಶುವಿನ ಕತ್ತಿನ ಹಿಂಭಾಗದಲ್ಲಿರುವ ದ್ರವದ ದಪ್ಪವನ್ನು ಅಳೆಯಲಾಗುತ್ತದೆ. ಅಳತೆ ಹೆಚ್ಚಾಗಿದ್ದಲ್ಲಿ ಡೌನ್ ಸಿಂಡ್ರೋಮ್ ಮುಂತಾದ ವರ್ಣತಂತು ದೋಷಗಳ ಸಂಭವ ಹೆಚ್ಚೆಂದು ತಿಳಿಯಬೇಕೇ ಹೊರತು ದೋಷವಿದೆಯೆಂದಲ್ಲ. ದೃಢೀಕರಣಕ್ಕೆ ಗರ್ಭಜಲದ ಪರೀಕ್ಷೆಯಂತಹ ಮುಂದಿನ ಪರೀಕ್ಷೆ ಅಗತ್ಯ. 18ರಿಂದ 20ನೇ ವಾರದಲ್ಲಿ ಮಿದುಳು, ಬೆನ್ನುಹುರಿ, ಹೃದಯ, ಮೂತ್ರಪಿಂಡ ಮೊದಲಾದ ಅಂಗಗಳ ರಚನೆಯನ್ನು ಪರಿಶೀಲಿಸಲಾಗುತ್ತದೆ. ಎಲ್ಲ ನ್ಯೂನತೆಗಳೂ ಸ್ಕ್ಯಾನಿಂಗ್‌ನಲ್ಲಿ ಗೋಚರಿಸುವುದಿಲ್ಲ.

ಪಾಲಿಸಬೇಕಾದ ನಿಯಮಗಳು: ಗರ್ಭಧಾರಣ ಪೂರ್ವ ಮತ್ತು ಪ್ರಸವಪೂರ್ವ ಪತ್ತೆ ತಂತ್ರಗಳ ಅಧಿನಿಯಮ, 1994ರನ್ವಯ ನೋಂದಾಯಿತ ಕೇಂದ್ರದಲ್ಲಿಯೇ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ನಮೂನೆ 'ಎಫ್' ಭರ್ತಿ ಮಾಡುವುದು ಕಡ್ಡಾಯ. ಭ್ರೂಣದ ಲಿಂಗವನ್ನು ತಿಳಿಸುವುದು ಅಪರಾಧವಾಗಿದೆ. ಲಿಂಗ ಪತ್ತೆಗಾಗಿ ಕೋರುವವರಿಗೆ ಮೊದಲ ಅಪರಾಧಕ್ಕೆ 3 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ ರೂ. 50,000ದವರೆಗೆ ದಂಡ ವಿಧಿಸಬಹುದಾಗಿದೆ. ಒತ್ತಾಯಕ್ಕೊಳಗಾದ ಗರ್ಭಿಣಿಯು ಶಿಕ್ಷಾರ್ಹಳಲ್ಲ.

ಗಂಭೀರ ನ್ಯೂನತೆ ಕಂಡುಬಂದಲ್ಲಿ: ವೈದ್ಯಕೀಯ ಗರ್ಭಪಾತ ಅಧಿನಿಯಮದ 2021ರ ತಿದ್ದುಪಡಿಯಂತೆ, ವೈದ್ಯಕೀಯ ಮಂಡಳಿಯು ಗಂಭೀರ ನ್ಯೂನತೆಯನ್ನು ದೃಢಪಡಿಸಿದ ಪ್ರಕರಣಗಳಿಗೆ 24 ವಾರಗಳ ಮಿತಿ ಅನ್ವಯಿಸುವುದಿಲ್ಲ. ಗರ್ಭವನ್ನು ಮುಂದುವರಿಸುವ ಅಥವಾ ಅಂತ್ಯಗೊಳಿಸಲು ಕೋರುವ ನಿರ್ಧಾರ ಗರ್ಭಿಣಿಯದು. ವಯಸ್ಕ ಮಹಿಳೆಯ ವಿಷಯದಲ್ಲಿ ಪತಿಯ ಸಮ್ಮತಿಯನ್ನು ಕಾನೂನು ಕೇಳುವುದಿಲ್ಲ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಸಂಪರ್ಕಿಸುವುದು.